ಹೇಳದೆ ಕಾದವರು

"ಮೇಡಂ, ನಿಮ್ಮ ಪ್ರೋಗ್ರಾಂ ಮತ್ತೆ ಗರ ಬಡಿದ ಹಾಗೆ ನಿಂತಿದೆ."

"ನಿಂತಿಲ್ಲ, ಕಾಯ್ತಿದೆ," ಎಂದಳು ಅವಳು, ತಲೆ ಎತ್ತದೆ.

ಅವಳ ಪ್ರೋಗ್ರಾಂಗಳಲ್ಲಿ ತಪ್ಪು ಹುಡುಕುವ ಟೆಸ್ಟರ್, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ. ಗಂಡ ತೀರಿಕೊಂಡವಳ ಪಕ್ಕ ಇಷ್ಟು ಹತ್ತಿರವೇ ಎಂದು ಇಡೀ ಆಫೀಸು ಕಣ್ಣಲ್ಲೇ ಕೇಳಿತು.

"ಯಾರಿಗೆ ಕಾಯ್ತಿದೆ?"

"ಥ್ರೆಡ್‌ಗಳಿಗೆ. ಒಂದೊಂದೂ ಕೂಲಿಯಾಳಿನ ಹಾಗೆ ತನ್ನ ಪಾಲಿನ ಕೆಲಸ ಮುಗಿಸಬೇಕು. ಎಲ್ಲಾ ಎದ್ದು ಹೋದ ಮೇಲೇ ಪ್ರೋಗ್ರಾಂ ಬಾಗಿಲು ಹಾಕೋದು. ನಡುವೆ ಹಾಕಿದ್ರೆ ಅರ್ಧ ಕೆಲಸ ನೀರುಪಾಲು."

"ಕೆಲಸ ಆಗಲೇ ಮುಗಿದಿದೆ, ನೋಡಿ. ಒಂದೂ ಎದ್ದಿಲ್ಲ."

ನೋಡಿದಳು. ನಿಜ. ಇನ್ನಷ್ಟು ಕೆಲಸ ಬಂದೀತೆಂದು ಥ್ರೆಡ್‌ಗಳು ಕಾದಿದ್ದವು. ಅವು ಏಳಲೆಂದು ಪ್ರೋಗ್ರಾಂ ಕಾದಿತ್ತು. ಇನ್ನು ಕೆಲಸವಿಲ್ಲ, ಏಳಿ ಎಂದು ತಿಳಿಸುವ ಸಾಲನ್ನು ಅವಳು ಬರೆದೇ ಇರಲಿಲ್ಲ.

"ಒಂದು ಮಾತು ಹೇಳಿದ್ರೆ ಸಾಕಿತ್ತು," ಎಂದ ಅವನು, ಸ್ಕ್ರೀನಿನಿಂದ ಕಣ್ಣು ಕೀಳದೆ. ಕಿವಿ ಮಾತ್ರ ಕೆಂಪಾಗಿತ್ತು.

ಮದುವೆಯಾಗೋಣವೇ ಎಂದು ಕೇಳಿ ಅವನೂ ಕಾಯುತ್ತಿದ್ದ. ಮೊದಲು ಅತ್ತೆ ಒಪ್ಪಲಿ ಎಂದಿದ್ದಳು ಅವಳು. ಅತ್ತೆಯ ಮುಂದೆ ಇನ್ನೂ ಬಾಯಿಯನ್ನೇ ಬಿಟ್ಟಿರಲಿಲ್ಲ.

ಆ ಸಾಲನ್ನು ಬರೆದಳು. ಥ್ರೆಡ್‌ಗಳು ಒಂದೊಂದಾಗಿ ಎದ್ದವು. ಪ್ರೋಗ್ರಾಂ ಸದ್ದಿಲ್ಲದೆ ಮುಗಿಯಿತು.

ಅವಳು ಫೋನ್ ತೆಗೆದಳು. ಹೊರಗೆ ಹೋಗಲಿಲ್ಲ. ದನಿಯನ್ನೂ ತಗ್ಗಿಸಲಿಲ್ಲ.

"ಅತ್ತೆ, ನಾನು ಮತ್ತೆ ಮದುವೆ ಆಗ್ತಿದ್ದೀನಿ."

ಆ ಕಡೆ ಪಾತ್ರೆಗಳ ಸದ್ದು ನಿಂತಿತು. ಈ ಕಡೆ ಕೀಬೋರ್ಡುಗಳದ್ದೂ.

"ಜನ ಏನಂತಾರೆ? ಇನ್ನೊಂದಿಷ್ಟು ದಿನ ತಡಿಯೇ."

"ಜನಕ್ಕೆ ಬಾಯಿದೆ, ಅಂತಾರೆ. ನಿಮ್ಮ ಮಗನ ನೆನಪು ಮುಗಿಯೋದಲ್ಲ ಅತ್ತೆ. ಮುಗೀಲಿ ಅಂತ ನಾನು ಕಾಯೋದೂ ಇಲ್ಲ. ಸಂಜೆ ಅವರನ್ನ ಮನೆಗೆ ಕರ್ಕೊಂಡು ಬರ್ತೀನಿ."

"ನಾನು ಬಾಗಿಲು ತೆಗೆಯಲ್ಲ."

"ಬೀಗದ ಕೈ ನನ್ನ ಹತ್ರಾನೂ ಇದೆ."

ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ಏನು ಪೊಗರು ನಿಂದು! ಅವನೂ ಹೀಗೇ ಇದ್ದ, ಹೇಳಿದ್ದು ಕೇಳ್ತಿರಲಿಲ್ಲ." ಮತ್ತೆ ಪಾತ್ರೆಯ ಸದ್ದು. "ಬರೋ ಮನುಷ್ಯ ಊಟ ಮಾಡ್ಕೊಂಡು ಬರ್ತಾನೋ, ಇಲ್ಲೇ ಮಾಡ್ತಾನೋ?"

ಫೋನ್ ಇಟ್ಟಳು.

"ಏನಂತೆ?" ಎಂದ ಟೆಸ್ಟರ್.

"ಹಸಿವು ಇಟ್ಕೊಂಡು ಬರ್ಬೇಕಂತೆ."

ಕೆಲಸ ಬಿಟ್ಟು ಎಲ್ಲರೂ ನೋಡುತ್ತಲೇ ಇದ್ದರು. ನೋಡಲಿ. ಅವಳು ತನ್ನ ಕುರ್ಚಿಯನ್ನು ಅವನ ಕಡೆಗೆ ಎಳೆದಳು, ನೆಲ ಕಿರ್ರೆನ್ನುವಂತೆ.