ಅಣಬೆ ಚಾಕುವಿನ ಗುಳಿ

"ಇಲ್ಲಿ ವಜ್ರ ಇತ್ತಾ ಅಂಕಲ್?"

ತಾಬೆಯಾ ಚಾಕುವಿನ ಕಪ್ಪು ಹಿಡಿಯ ಮೇಲೆ ಬೆರಳಿಟ್ಟು ಕೇಳಿದಳು. ಅಲ್ಲಿ ಇಸ್ಪೀಟಿನ ಡೈಮಂಡ್ ಆಕಾರದ ಒಂದು ಗುಳಿ ಇತ್ತು.

ಅಂಗಡಿಯ ಸಾಣೆಗಾರ ವಿಲ್ಮ್ಸ್ ಯಂತ್ರ ನಿಲ್ಲಿಸಿ, ಕನ್ನಡಕ ಏರಿಸಿಕೊಂಡು ನೋಡಿದರು. ಜರ್ಮನಿಯ ಸೋಲಿಂಗನ್ ಚಾಕುಗಳ ಊರು. ಆ ಊರಲ್ಲಿ ಯಾವ ಚಾಕು ಕೊಟ್ಟರೂ ಅದರ ಜಾತಕ ಹೇಳುವವರು ಅವರೊಬ್ಬರೇ.

ಚಾಕು ಮುತ್ತಜ್ಜನದು. ತೀರಿಕೊಳ್ಳುವ ಮೊದಲು "ಇದು ತಾಬೆಯಾಗೆ" ಎಂದು ಚೀಟಿ ಬರೆದಿಟ್ಟಿದ್ದರು. ಐದು ವರ್ಷ ಅವಳು ಅವರ ಜೊತೆ ಕಾಡಿಗೆ ಹೋಗುತ್ತಿದ್ದಳು. ಅವರು ಇದರಲ್ಲೇ ಅಣಬೆ ಕೊಯ್ಯುತ್ತಿದ್ದರು. ಈಗ ಸೋಮವಾರ ಕ್ಲಾಸಿನಲ್ಲಿ ಮನೆಯ ಹಳೇ ವಸ್ತುವೊಂದರ ಬಗ್ಗೆ ಮಾತಾಡಬೇಕು. ಚಾಕು ತರಬೇಡ, ಫೋಟೊ ಸಾಕು ಎಂದಿದ್ದರು ಟೀಚರ್. ವಜ್ರದ ವಿಷಯವನ್ನು ತಾಬೆಯಾ ಆಗಲೇ ಕ್ಲಾಸಿನ ಮಾಲ್ಟೆಯ ಹತ್ತಿರ ಕೊಚ್ಚಿಕೊಂಡಾಗಿತ್ತು.

ವಿಲ್ಮ್ಸ್ ಅಲಗಿನ ತುಕ್ಕು ಒರೆಸಿದರು. ಮೂರು ಅಕ್ಷರ, ಒಂದು ನಂಬರ್ ಕಂಡವು. ಕಬ್ಬಿಣದ ಒರೆಯನ್ನೂ ತಿರುಗಿಸಿ ನೋಡಿದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ಅಜ್ಜಿಯ ಕಡೆ ತಿರುಗಿದರು.

"ಹೇಳ್ಲಾ ಅಮ್ಮಾ?"

ಅಜ್ಜಿ ಕೋಟಿನ ಗುಂಡಿ ತಿರುವುತ್ತ ನಿಂತರು. ಕೊನೆಗೆ, "ಹೇಳಿ," ಎಂದರು.

"ವಜ್ರ ಅಲ್ಲ ಮಗು. ಸ್ವಸ್ತಿಕದ ಥರದ ಕೊಕ್ಕೆ ಶಿಲುಬೆ ಇತ್ತು. ಹಿಟ್ಲರನ ಗುರುತು. ಅವನ ಹುಡುಗರ ಸಂಘದಲ್ಲಿ ಪರೀಕ್ಷೆ ಪಾಸಾದವರು ಇದನ್ನ ಸೊಂಟಕ್ಕೆ ಕಟ್ಕೋತಿದ್ರು. ಮಾಡಿದ್ದು ಇದೇ ಊರಲ್ಲಿ. ಇಂಥವಕ್ಕೆ ನಮ್ಮಪ್ಪನೂ ಸಾಣೆ ಹಿಡಿದಿದ್ರು."

ತಾಬೆಯಾಳ ಕಿವಿ ಬಿಸಿಯಾಯಿತು. ಹಿಟ್ಲರ್ ಯಾರೆಂದು ಅವಳಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತು. "ಹಾಗಾದ್ರೆ ಮುತ್ತಜ್ಜನೇ ಸಿಟ್ಟಿಂದ ಕಿತ್ತು ಬಿಸಾಕಿದ್ರು, ಅಲ್ವಾ?"

ಅಜ್ಜಿ ಚಾಕುವನ್ನು ಒರೆಗೆ ಸೇರಿಸಿ, ಬ್ಯಾಗಿಗೆ ಹಾಕಿಕೊಂಡು ಬಾಗಿಲು ತೆರೆದರು.

ಬಸ್ಸಿನಲ್ಲಿ ಅಜ್ಜಿ, "ಸೋಮವಾರ ಕಾಫಿ ಬೀಜ ಪುಡಿ ಮಾಡೋ ಯಂತ್ರದ ಬಗ್ಗೆ ಹೇಳು. ಅದೂ ಹಳೇದೇ," ಎಂದರು.

"ಯಾರು ಕಿತ್ತಿದ್ದು ಅಜ್ಜಿ?"

ಅಜ್ಜಿ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡರು.

"ಮುತ್ತಜ್ಜನ ಅಮ್ಮ. ಯುದ್ಧ ಮುಗಿಯೋ ಹೊತ್ತು, ಅಮೆರಿಕದ ಸೈನಿಕರು ಬೀದಿ ಕೊನೇಲಿದ್ರಂತೆ. ಮನೇಲಿ ಆ ಗುರುತು ಸಿಕ್ಕಿದ್ರೆ ಏನ್ಮಾಡ್ತಾರೋ ಅಂತ ಭಯ. ಸ್ಕ್ರೂ ಡ್ರೈವರಲ್ಲಿ ಮೀಟಿ ತೆಗೆದ್ರು. ನಮ್ಮಪ್ಪ ಆಗ ನಿನ್ನಷ್ಟೇ ಇದ್ರು, ಬಿಕ್ಕಿ ಬಿಕ್ಕಿ ಅತ್ರಂತೆ."

"ಯಾಕೆ?"

"ಗುರುತು ಹೋಯ್ತಲ್ಲ ಅಂತ." ಅಜ್ಜಿಯ ದನಿ ಸಣ್ಣಗಾಯಿತು. "ಆಮೇಲೆ ಜೀವಮಾನವೆಲ್ಲ, ಅದಕ್ಕೋಸ್ಕರ ಅತ್ತೆನಲ್ಲ ಅಂತ ಕೊರಗಿದ್ರು. ನನಗೆ ಹೇಳಿದ್ದು ಒಂದೇ ಸಲ. ಆಮೇಲೆ ನಾನು ಕೇಳೋಕೆ ಹೋಗ್ಲಿಲ್ಲ."

ಭಾನುವಾರ ತಾಬೆಯಾ ಕಾಫಿ ಯಂತ್ರದ ಫೋಟೊವನ್ನೂ ತೆಗೆದಳು, ಚಾಕುವಿನದನ್ನೂ ತೆಗೆದಳು. ಸೋಮವಾರ ಚಾಕುವಿನ ಫೋಟೊ ಹಿಡಿದು ನಿಂತು, ಕೇಳಿದ್ದನ್ನೆಲ್ಲ ಹೇಳಿದಳು. ಅತ್ತದ್ದನ್ನೂ ಬಿಡಲಿಲ್ಲ.

ಮಾಲ್ಟೆ ಕೈ ಎತ್ತಿದ. "ಅಂದ್ರೆ ನಿನ್ನ ಮುತ್ತಜ್ಜ ಕೆಟ್ಟವ್ರಾ?"

"ಅಲ್ಲ" ಎನ್ನಲು ತಾಬೆಯಾ ಮನೆಯಲ್ಲೇ ಪ್ರಾಕ್ಟೀಸ್ ಮಾಡಿಕೊಂಡು ಬಂದಿದ್ದಳು. ಆದರೆ ಕೈಯಲ್ಲಿದ್ದ ಫೋಟೊ ನೋಡಿ ಬೇರೆಯೇ ಹೇಳಿದಳು.

"ನಂಗೆ ವಿಷದ ಅಣಬೆ ಯಾವ್ದು, ಒಳ್ಳೇದು ಯಾವ್ದು ಅಂತ ಕಲಿಸಿದ್ದು ಅವರೇ. ನಂಗೆ ಅವರು ತುಂಬಾ ಇಷ್ಟ. ಆದ್ರೆ ನಮ್ಮ ವಯಸ್ಸಲ್ಲಿ ಅವರಿಗೆ ಈ ಚಾಕು ಅಂದ್ರೆ ಪ್ರಾಣ. ಯಾಕೆ ಅಂತ... ನಾನು ಕೇಳಲೇ ಇಲ್ಲ. ಐದು ವರ್ಷ ಜೊತೇಲೇ ಇದ್ದೆ."

ಕೊನೆಯ ಮಾತು ಬಾಯಿಂದ ಬಂದಾಗಲೇ ಅವಳಿಗೂ ಅದು ಗೊತ್ತಾದದ್ದು. ಕಣ್ಣು ತುಂಬಿತು.

ಮಾಲ್ಟೆ ಕೈ ಇಳಿಸಿದ. ಮೆಲ್ಲಗೆ, "ನಮ್ಮನೇಲಿ ಮುತ್ತಜ್ಜಿ ಇದ್ದಾರೆ. ತೊಂಬತ್ತೈದು ವರ್ಷ. ನಾನೂ ಏನೂ ಕೇಳಿಲ್ಲ," ಎಂದ.

"ಇನ್ನೂ ಇದ್ದಾರಲ್ವಾ?" ಎಂದಳು ತಾಬೆಯಾ. "ಇವತ್ತೇ ಕೇಳು."