ಹದಿನಾಲ್ಕು ಮೆಟ್ಟಿಲಿಗೆ ಒಂದು ಕುರ್ಚಿ

ಮೆಟ್ಟಿಲು ಹತ್ತಿಸುವ ಕುರ್ಚಿಗೆ ಅಳತೆ ತೆಗೆಯಲು ಹಾಸನದಿಂದ ಬಂದ ಅಭಿಲಾಷ್ ಬಾಗಿಲಲ್ಲೇ ಕೇಳಿದ, "ಕುರ್ಚಿ ಯಾರಿಗೆ ಬೇಕು? ಅಜ್ಜಂಗೋ, ಅಜ್ಜಿಗೋ?"

ನಾನು ನಮ್ಮವರ ಕಡೆ ಕೈ ತೋರಿಸಿದೆ, ಅವರು ನನ್ನ ಕಡೆ. ಹುಡುಗ ನಕ್ಕುಬಿಟ್ಟ. ನಮ್ಮನ್ನು ಬಲು ಅನ್ಯೋನ್ಯ ದಂಪತಿ ಅಂದುಕೊಂಡನೇನೋ. ಹಾಗೆ ತಪ್ಪು ತಿಳಿದವರಲ್ಲಿ ಅವನೇ ಮೊದಲಿಗನೇನಲ್ಲ.

ನಾನು ನಾಗರತ್ನಮ್ಮ. ಆಲೂರು ಪೇಟೆಯಲ್ಲಿ ಕೆಳಗೆ ನಮ್ಮವರ ಮೆಣಸು, ಕಾಫಿ ಅಂಗಡಿ, ಮೇಲೆ ಮನೆ. ಐವತ್ತೊಂದು ವರ್ಷ ಏಕಾಂತಯ್ಯನವರು ಬೆಳಿಗ್ಗೆ ತಿಂಡಿ ಮುಗಿಸಿ ನನಗೆ ಬೆನ್ನು ಹಾಕಿ ಆ ಹದಿನಾಲ್ಕು ಮೆಟ್ಟಿಲು ಇಳಿಯುತ್ತಿದ್ದರು. ಒಮ್ಮೆಯೂ ತಿರುಗಿ ನೋಡಿದವರಲ್ಲ. ಕೆ. ಹೊಸಕೋಟೆ ಬಸ್ಸಿಳಿದು ಬಂದವರ ಜೊತೆ ಅವರು ನಗುವುದು ನಮ್ಮ ಹಲಗೆ ನೆಲದ ಸಂದಿಯಿಂದ ನನಗೆ ಕೇಳಿಸುತ್ತಿತ್ತು. ಮೇಲೆ ಬರುವಷ್ಟರಲ್ಲಿ ಆ ನಗು ಮುಗಿದಿರುತ್ತಿತ್ತು. ನಮಗೆ ಮಕ್ಕಳಾಗಲಿಲ್ಲ. ಅವರಿಗೆ ಅಂಗಡಿ ಇತ್ತು. ನನಗೆ ಅವರಿದ್ದರು, ಅದೂ ಊಟದ ಹೊತ್ತಿಗೆ ಮಾತ್ರ.

ಹೋದ ವರ್ಷ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು, ಬಲಗಾಲು ಎಳೆಯತೊಡಗಿತು. ನನ್ನದು ಮಂಡಿ. ಮೆಟ್ಟಿಲು ನೋಡಿದರೆ ಜೀವ ಬಾಯಿಗೆ ಬರುತ್ತಿತ್ತು.

ಅಭಿಲಾಷ್ ಟೇಪು ಹಿಡಿದು ಮೆಟ್ಟಿಲು ಅಳೆದು ತಲೆ ಕೆರೆದುಕೊಂಡ.

"ಅಜ್ಜಿ ಮಂಡಿಗೆ ಕುರ್ಚಿನೇ ಆಗ್ಬೇಕು. ಹಳಿ ಮೇಲೆ ಅದೇ ಹತ್ತಿಸಿ ಇಳಿಸ್ತದೆ. ಅಜ್ಜಂಗೆ ಎರಡೂ ಕಡೆ ಕಂಬಿ ಬೇಕು. ಎಡಗೈ ಒಂದೇ ಅಲ್ವಾ? ಹತ್ತುವಾಗ ಈ ಕಡೆ ಹಿಡೀಬೇಕು, ಇಳಿಯುವಾಗ ಆ ಕಡೆ. ಆದ್ರೆ ಮೆಟ್ಲು ಎರಡೂವರೆ ಅಡಿ ಅಷ್ಟೇ ಐತೆ. ಕುರ್ಚಿ ಹಳಿ ಹಾಕಿದ್ರೆ ಇಳಿಯೋ ಕಡೆ ಕಂಬಿಗೆ ಜಾಗ ಇಲ್ಲ."

"ಅಂದ್ರೆ ಇವ್ರು ಹತ್ತಬೋದು, ಇಳಿಯೋಕಾಗಕಿಲ್ಲ," ಎಂದೆ ನಾನು.

"ಇಬ್ರೂ ಕುರ್ಚೀಲೇ ಕೂತು ಓಡಾಡ್ಬೋದಲ್ಲ ಅಜ್ಜಿ."

"ಕುರ್ಚೀಲಿ ಕೂತ್ಕಂಡು ನಾನು ಅಂಗಡಿಗಿಳೀಲಾ?" ಎಂದರು ಇವರು. ಹೊತ್ತುಕೊಂಡು ಇಳಿಸುತ್ತೇನೆ ಎಂದ ಅಂಗಡಿ ಆಳು ಧರ್ಮನನ್ನೂ ಹೀಗೇ ಗದರಿ ಕಳಿಸಿದ್ದರು.

ಆ ಹಠ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ, "ಕುರ್ಚಿನೇ ಹಾಕಪ್ಪ."

ಅವರು ನನ್ನನ್ನು ಒಂದು ಗಳಿಗೆ ನೋಡಿ, ಹುಡುಗನ ಆರ್ಡರ್ ಕಾಗದಕ್ಕೆ ಎಡಗೈಯಲ್ಲಿ ಸೊಟ್ಟಸೊಟ್ಟ ಸಹಿ ಹಾಕಿದರು.

ಆಮೇಲಿನ ಒಂಬತ್ತು ತಿಂಗಳು ನನ್ನವು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಮದುವೆಯಾದದ್ದು ಆ ಒಂಬತ್ತು ತಿಂಗಳಲ್ಲಿ. ಅವರ ಶರ್ಟಿನ ಗುಂಡಿ ನಾನೇ ಹಾಕುತ್ತಿದ್ದೆ. ಕೊರಳ ಹತ್ತಿರದ ಗುಂಡಿಗೆ ಬಂದಾಗ ಅವರು ಮುಖ ಬಗ್ಗಿಸಿ, "ಬೇಕಂತ್ಲೇ ನಿಧಾನ ಮಾಡ್ತೀಯ," ಅನ್ನುತ್ತಿದ್ದರು. ಹೌದು, ಬೇಕಂತಲೇ.

ಮಧ್ಯಾಹ್ನ ಚೌಕಾಬಾರ. ಎಡಗೈಯಲ್ಲಿ ಕವಡೆ ಎಸೆದು, ಕಳ್ಳಾಟ ಆಡಿ, ಸಿಕ್ಕಿಬಿದ್ದಾಗ ನಗುತ್ತಿದ್ದರು. ಅದೇ ನಗು, ಈಗ ಹಲಗೆಯ ಈಚೆಗೆ.

ಆದರೆ ಕೆಳಗೆ ಮೂಟೆ ಇಳಿದ ಸದ್ದಾದರೆ ಅವರ ಕೈಯಲ್ಲಿ ಕವಡೆ ಹಾಗೇ ನಿಂತುಬಿಡುತ್ತಿತ್ತು.

ಫೆಬ್ರವರಿಯ ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. "ನನ್ ಮಂಡಿಗೆ ಅಂತ ಹಾಕ್ಸಿದ್ದಲ್ಲ ಆ ಕುರ್ಚಿ. ನೀವು ಇಳೀಬಾರ್ದು ಅಂತ್ಲೇ ಹಾಕ್ಸಿದ್ದು."

"ಗೊತ್ತೈತೆ ಕಣೇ. ಆ ಹುಡ್ಗ ಅಳತೆ ತಗೋವಾಗ ನಿನ್ ಕಣ್ಣು ಮೆಟ್ಲ ಮೇಲೆ ಇರ್ಲಿಲ್ಲ, ನನ್ ಮೇಲಿತ್ತು."

"ಗೊತ್ತಿದ್ದೂ ಯಾಕ್ ಸಹಿ ಹಾಕಿದ್ರಿ?"

"ಐವತ್ತು ವರ್ಷ ಯಾರೂ ನನ್ನ ಹಂಗೆ ಬೇಕು ಅಂದಿರ್ಲಿಲ್ಲ."

"ನಾನು ಅಂತಿದ್ದೆ. ನಿಮ್ಗೆ ಕೇಳಿಸ್ಬೇಕಲ್ಲ."

ಅವರು ಕವಡೆ ಕೆಳಗಿಟ್ಟರು. ಕುರ್ಚಿಯ ಕಡೆ ನೋಡಿದರು. ಮೆಲ್ಲಗೆ, ಮಕ್ಕಳು ಕೇಳುವ ಹಾಗೆ ಕೇಳಿದರು, "ಹೊಸಾ ಮೆಣಸು ಬಂದೈತೆ ರತ್ನಾ, ವಾಸನೆ ಬರ್ತಾ ಐತೆ. ಒಂದೇ ಒಂದ್ಸಲ ಅದ್ರ ಮೇಲೆ ಕೂತ್ಕಂಡು ಹೋಗಿ ಬರ್ಲಾ?"

ಅಷ್ಟು ದೊಡ್ಡ ಹಠ ಬಿಟ್ಟು ಅವರು ನನ್ನನ್ನು ಕೇಳಿದ್ದರು. ಹೂಂ ಅಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಒಮ್ಮೆ ಇಳಿದರೆ ದಿನಾ ಇಳಿಯುತ್ತಾರೆ ಅನ್ನುವ ಹೆದರಿಕೆ ನನ್ನ ನಾಲಿಗೆಗೆ ಬಂತು.

"ಹೋಗಿ, ಯಾರ್ ಬೇಡ ಅಂದ್ರು? ಹಮಾಲಿಗಳೆಲ್ಲ ನಿಂತು ನಗ್ಲಿ. ಯಜಮಾನ್ರು ಕೂಸಿನಂಗೆ ತೊಟ್ಟಿಲಲ್ಲಿ ಇಳೀತಾವ್ರೆ ಅಂತ."

ಅವರ ಮುಖ ಸಣ್ಣದಾಯಿತು. "ಹೌದಲ್ವಾ," ಎಂದು ಕವಡೆ ಎತ್ತಿಕೊಂಡರು. ಆ ಆಟ ನಾನೇ ಗೆದ್ದೆ.

ನಾಲ್ಕನೇ ದಿನ ಬೆಳಿಗ್ಗೆ ಗುಂಡಿ ಹಾಕಲು ಹೋದರೆ ಮೈ ತಣ್ಣಗಿತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅಯ್ಯನವರಾದ ವೀರಯ್ಯ ಬಂದು ವಿಭೂತಿ ಹಚ್ಚಿ, ಹೂವು ಹಾಕಿ, ಗೋಡೆಗೆ ಒರಗಿಸಿ ಕೂರಿಸಿದರು. ಇನ್ನು ಹಾಗೇ ಕೆಳಗೆ ಇಳಿಸಬೇಕು. ನಾಲ್ಕು ಜನ ಹಿಡಿದು ತಿರುಗಿಸಲು ನೋಡಿದರು. ಮೆಟ್ಟಿಲಲ್ಲಿ ಹಳಿ ಅಡ್ಡ ಬಂತು.

ಧರ್ಮ ನನ್ನ ಮುಖ ನೋಡದೆ ಹೇಳಿದ, "ಅಮ್ಮಾ, ಕುರ್ಚೀಲೇ ಇಳಿಸ್ಬೋದು."

ಕೂರಿಸಿ, ಪಂಚೆಯಿಂದ ಕಟ್ಟಿದರು. ಅದರ ರಿಮೋಟ್ ಯಾವಾಗಲೂ ನನ್ನ ಸೊಂಟದಲ್ಲಿರುತ್ತಿತ್ತು. ಗುಂಡಿ ಒತ್ತಿ ಹಿಡಿದಿದ್ದರೆ ಮಾತ್ರ ಅದು ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಾನೇ ಒತ್ತಿದೆ.

ಕುರ್ಚಿ ಪಕ್ಕಕ್ಕೆ ತಿರುಗಿಕೊಂಡು ಇಳಿಯುತ್ತದೆ. ಬೆನ್ನು ಕಾಣಲಿಲ್ಲ. ಮೊದಲ ಸಲ, ಇಳಿಯುವಾಗ ಅವರ ಅರ್ಧ ಮುಖ ನನ್ನ ಕಡೆಗಿತ್ತು. ಏಳನೇ ಮೆಟ್ಟಿಲಲ್ಲಿ ನನ್ನ ಹೆಬ್ಬೆರಳು ತಾನಾಗಿ ಮೇಲೆದ್ದಿತು. ಅವರು ನಡುವೆಯೇ ನಿಂತರು.

"ಬಿಡಿ ತಾಯಿ, ಇಳಿಸಿ," ಎಂದರು ವೀರಯ್ಯ.

ಮತ್ತೆ ಒತ್ತಿದೆ. ಕೆಳಗೆ ಬಾಗಿಲ ತುಂಬ ಹೊಸಾ ಮೆಣಸಿನ ಮೂಟೆ. ಹಮಾಲಿಗಳೆಲ್ಲ ತಲೆಯ ಟವಲ್ಲು ತೆಗೆದು, ದಾರಿ ಬಿಟ್ಟು, ಸಾಲಾಗಿ ನಿಂತಿದ್ದರು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ.

ಯಾರೂ ನಗಲಿಲ್ಲ.