ಸುಬ್ರಾಯನ ಚೀಲದಲ್ಲಿದ್ದ ಡಬ್ಬಿ

ಎಂಟು ಹೆಣ್ಣಿಲಿಗಳ ರಕ್ತದಲ್ಲಿ ಈಸ್ಟ್ರೋಜನ್ ಸೊನ್ನೆ. ಅಂಡಾಶಯ ತೆಗೆದ ಇಲಿಗಳವು, ಆ ಹಾರ್ಮೋನನ್ನು ತಾವೇ ಮಾಡಿಕೊಳ್ಳಲಾರವು. ಹದಿನೈದು ದಿನ ಚಾಕಲೇಟ್ ಕ್ರೀಮಿನಲ್ಲಿ ಬೆರೆಸಿದ ಹಾರ್ಮೋನು ತಿಂದಿರಬೇಕಿತ್ತು. ವರದಿ ಬಂದ ಅರ್ಧ ಗಂಟೆಯಲ್ಲೇ ಡಾ. ರೇಣುಕಾಪ್ರಸಾದ್ ಕಳ್ಳನನ್ನು ಹಿಡಿದುಬಿಟ್ಟಿದ್ದರು. ಇಷ್ಟು ಚುರುಕನ್ನು ಆ ಮನುಷ್ಯ ಸಂಶೋಧನೆಯಲ್ಲಿ ತೋರಿಸಿದ್ದನ್ನು ನಾನಂತೂ ಕಂಡಿಲ್ಲ.

ನಾನು ತ್ರಿಪುರಸುಂದರಿ. ನರಸಿಂಹರಾಜಪುರದಲ್ಲಿ ದನದ ಡಾಕ್ಟರು. ಕೊಪ್ಪದ ಈ ಖಾಸಗಿ ಪ್ರಯೋಗಾಲಯದಲ್ಲಿ ಪ್ರಾಣಿಗಳ ಯೋಗಕ್ಷೇಮ ನೋಡುವ ಸಮಿತಿಯ ಸದಸ್ಯೆ. ಸಹಿ ಹಾಕಿ, ಕಾಫಿ ಕುಡಿದು ಹೋಗಬೇಕಾದವಳು ಎಂದು ಇವರ ಎಣಿಕೆ.

ರೇಣುಕಾಪ್ರಸಾದ್ ಮೇಜಿನ ಮೇಲೆ ಒಂದು ಬಟ್ಟೆಚೀಲ ಎಸೆದರು. ಒಳಗೆ ಚಾಕಲೇಟ್ ಕ್ರೀಮಿನ ಡಬ್ಬಿ.

"ಇಲಿಗಳ ಕ್ರೀಮು. ತಿನ್ನಿಸದೆ ಈ ಸುಬ್ರಾಯ ಮನೆಗೆ ಸಾಗಿಸಿದಾನೆ. ಸಂಜೆಯೊಳಗೆ ಪೊಲೀಸ್ ದೂರು ಕೊಡ್ತೀನಿ. ನಿಮ್ಮದೊಂದು ಸಹಿ ಬೇಕು."

"ಡಬ್ಬಿ ತೆಗೆದು ನೋಡಿದ್ರಾ?"

"ನೋಡೋದೇನಿದೆ?"

ಬಾಗಿಲ ಬಳಿ ಸುಬ್ರಾಯ ತಲೆ ತಗ್ಗಿಸಿ ನಿಂತಿದ್ದ. ಇಪ್ಪತ್ತೆರಡು ವರ್ಷ ಇಲಿಗೂಡು ತೊಳೆದವನು. ದೂರು ದಾಖಲಾದರೆ ಕೆಲಸವೂ ಇಲ್ಲ, ಊರಲ್ಲಿ ಮಾನವೂ ಇಲ್ಲ.

* * *

ಪ್ರಯೋಗ ಮೆಣಸೆ ಊರಿನ ಹುಡುಗಿ ಶ್ರೀವಾಣಿಯದು. ರೇಣುಕಾಪ್ರಸಾದ್ ಅವಳ ಗೈಡು. ಅವಳನ್ನು ಹೊರಗೆ ಕರೆದೆ.

"ಮೂರು ವಿಧಾನ ಹೋಲಿಸ್ತಿದ್ದೆ ಮೇಡಂ. ದಿನಾ ಸೂಜಿ, ಚರ್ಮದಡಿ ಗುಳಿಗೆ, ಬಾಯಿಗೆ ಕ್ರೀಮು. ಗುಳಿಗೆ ಮೊದಲ ವಾರ ವಿಪರೀತ ಏರಿಸ್ತದೆ, ಆಮೇಲೆ ಇಳೀತದೆ. ಕ್ರೀಮೇ ಹದವಾಗಿತ್ತು. ಹದಿನೈದು ದಿನದ ಹಿಂದೆ ನಾನು ಜ್ವರ ಬಂದು ಮನೆಗೆ ಹೋಗೋವರೆಗೂ."

"ಗುಳಿಗೆಯ ವಿಧಾನ ಯಾರದ್ದು?"

"ಸರ್‌ದೇ. ಅದೇ ಉತ್ತಮ ಅಂತ ಸಮ್ಮೇಳನದಲ್ಲಿ ಆಗಲೇ ಹೇಳಿಬಂದಿದಾರೆ."

ಕೂಸು ಹುಟ್ಟುವ ಮೊದಲೇ ಕುಲಾವಿ.

"ನೀನಿಲ್ಲದಾಗ ಹಾರ್ಮೋನಿನ ಎಣ್ಣೆ ಮಾಡಿದ್ದು ಯಾರು?"

"ಸರ್. ಎಳ್ಳೆಣ್ಣೇಲಿ ಕರಗಿಸಿ, ಸೀಲ್ ಮಾಡಿ ಕೊಡ್ತಿದ್ರು. ಸುಬ್ರಾಯಣ್ಣ ಕ್ರೀಮಿಗೆ ಬೆರೆಸಿ ತಿನ್ನಿಸೋದು ಅಷ್ಟೆ."

* * *

ಅಷ್ಟರಲ್ಲಿ ಬೆಳಿಗ್ಗೆ ಹತ್ತು ಗಂಟೆಯಾಯಿತು, ದಿನಾ ಇಲಿಗಳಿಗೆ ಕ್ರೀಮು ಕೊಡುವ ಹೊತ್ತು. ಸುಬ್ರಾಯನನ್ನು ಬರಿಗೈಯಲ್ಲಿ ಇಲಿಗಳ ಕೋಣೆಗೆ ಕಳಿಸಿದೆ. ಕ್ರೀಮಿನ ಇಲಿಗಳು ಎಂಟೂ ಓಡಿಬಂದು ಕಂಬಿಗೆ ಮೂಗು ಒತ್ತಿ ನಿಂತವು. ಸೂಜಿಯ ಇಲಿಗಳು ಮೂಲೆ ಸೇರಿದವು. ಹದಿನೈದು ದಿನ ತಿನ್ನಿಸದವನಿಗೆ ಇಂಥ ಸ್ವಾಗತ ಸಿಗುವುದಿಲ್ಲ.

"ಡಬ್ಬೀಲಿ ಎಂತ ಇದೆ ಮಾರಾಯ?"

"ಕ್ರೀಮಲ್ಲ ಅಮ್ಮ. ಖಾಲಿ ಡಬ್ಬಿ. ಬಾಟ್ಲೀಲಿ ಉಳಿದ ಎಣ್ಣೆ ಅದಕ್ಕೆ ಹಾಕಿಟ್ಟೆ, ಕಿರುಗುಟ್ಟೋ ಮನೆ ಗೇಟಿಗೆ ಬಿಡಲಿಕ್ಕೆ. ಎಣ್ಣೆ ಚೆಲ್ಲಲಿಕ್ಕೆ ಮನಸ್ಸು ಬರಲಿಲ್ಲ."

"ಔಷಧಿ ಎಣ್ಣೆ ಒಯ್ಯಬಾರದು ಅಂತ ಗೊತ್ತಿಲ್ವಾ?"

"ತಪ್ಪಾಯ್ತು. ಅದೂ ಫ್ರಿಜ್ಜಿಂದ ತೆಗೆದ್ರೆ ಕಲ್ಲಾಗಿರ್ತಿತ್ತು. ಬಿಸಿಲಿಗಿಟ್ಟು ಕರಗಿಸ್ಕೊಂಡೇ ಬೆರೆಸ್ತಿದ್ದೆ. ಚಳಿಗಾಲದಲ್ಲಿ ನನ್ನ ಹೆಂಡ್ತಿ ರಾಧಮ್ಮ ತಲೆಗೆ ಹಚ್ಚೋ ಎಣ್ಣೆಗೆ ಮಾಡೋದೂ ಹಾಗೇ ಅಲ್ವಾ?"

ಡಬ್ಬಿಯ ಮುಚ್ಚಳ ತಿರುಗಿಸಿದೆ. ಡಿಸೆಂಬರಿನ ಚಳಿಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಮೂಸಿದೆ. ಕೊಬ್ಬರಿ ಎಣ್ಣೆ.

* * *

ನಾಳೆಗೆಂದು ಸೀಲ್ ಮಾಡಿಟ್ಟಿದ್ದ, ಇನ್ನೂ ಒಡೆಯದ ಬಾಟಲಿಯನ್ನು ಫ್ರಿಜ್ಜಿನಿಂದ ತಂದು ರೇಣುಕಾಪ್ರಸಾದ್ ಮುಂದಿಟ್ಟೆ.

"ಸೀಲಿನ ಮೇಲಿನ ಸಹಿ ನಿಮ್ಮದೇನಾ?"

"ನಂದೇ. ಎಳ್ಳೆಣ್ಣೆ, ಅದರಲ್ಲಿ ಹಾರ್ಮೋನು."

ಬಾಟಲಿಯನ್ನು ತಲೆಕೆಳಗು ಮಾಡಿದೆ. ಒಂದು ಹನಿಯೂ ಕದಲಲಿಲ್ಲ.

"ಎಳ್ಳೆಣ್ಣೆ ಫ್ರಿಜ್ಜಲ್ಲಿ ಹೀಗೆ ಕಲ್ಲಾಗಲ್ಲ ಡಾಕ್ಟ್ರೇ. ಇದು ಕೊಬ್ಬರಿ ಎಣ್ಣೆ."

ಅವರು ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು. "ಎಳ್ಳೆಣ್ಣೆ ಮುಗಿದಿತ್ತು. ಹಾರ್ಮೋನು ಇದರಲ್ಲೇ ಕರಗಿಸಿದೆ."

"ಕರಗಿಸಿದ್ರೆ ರಕ್ತದಲ್ಲಿ ಸೊನ್ನೆ ಯಾಕೆ ಬಂತು? ಇಲಿಗಳು ದಿನಾ ತಿಂದಿದಾವೆ. ಎಣ್ಣೆ ನಿಮ್ಮದು, ಸೀಲ್ ನಿಮ್ಮದು. ಹಾರ್ಮೋನೊಂದೇ ಇಲ್ಲ. ಕ್ರೀಮು ಗೆದ್ದರೆ ನಿಮ್ಮ ಗುಳಿಗೆ ಸೋಲ್ತಿತ್ತು. ಈ ಬಾಟಲಿ ಪರೀಕ್ಷೆಗೆ ಹೋಗ್ತದೆ."

ಇಲಿಗಳ ವಾಸನೆ ಆಗದೆಂದು ಈ ವಿದ್ವಾಂಸ ಆ ಕೋಣೆಗೆ ಕಾಲಿಟ್ಟವರಲ್ಲ. ತಾನು ಕೊಟ್ಟ ಎಣ್ಣೆ ಅಲ್ಲಿ ಏನಾಯಿತೆಂದು ಒಮ್ಮೆಯೂ ನೋಡಿರಲಿಲ್ಲ. ಮೋಸ ಮಾಡುವುದಕ್ಕೂ ಒಂದು ಶ್ರದ್ಧೆ ಬೇಕು. ಅದೂ ಇರಲಿಲ್ಲ. ನನಗೆ ಹೇಸಿಗೆಯಾಯಿತು.

"ಎಂಟು ಇಲಿ ವಿಷಯ ಮೇಡಂ. ದೊಡ್ಡದು ಮಾಡಬೇಡಿ."

"ಒಂದು ಡಬ್ಬಿ ಕ್ರೀಮಿಗೆ ಪೊಲೀಸರನ್ನ ಕರೀತಿದ್ದವರು ನೀವು."

ಅವರು ಬರೆದಿಟ್ಟ ದೂರಿನಲ್ಲಿ ಸುಬ್ರಾಯನ ಹೆಸರು ಹೊಡೆದುಹಾಕಿ ರೇಣುಕಾಪ್ರಸಾದರ ಹೆಸರು ಬರೆದೆ, ಕಳ್ಳತನ ಎಂದಿದ್ದಲ್ಲಿ ಮೋಸ ಎಂದು ತಿದ್ದಿದೆ. ಕೆಳಗೆ ಸಹಿ ಹಾಕಿದೆ. ಅವರು ನನ್ನಿಂದ ಕೇಳಿದ್ದು ಸಹಿಯನ್ನೇ ತಾನೆ.

ಡಬ್ಬಿಯನ್ನು ಸಾಕ್ಷಿಗೆ ಇಟ್ಟುಕೊಂಡು ಚೀಲವನ್ನು ಸುಬ್ರಾಯನಿಗೆ ಕೊಟ್ಟೆ. ಅವನು ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಕಣ್ಣು ಒರೆಸಿಕೊಂಡ.

"ಹತ್ತೂವರೆ ಆಯ್ತಲ್ಲ ಅಮ್ಮ. ಅವು ಕಾಯ್ತಾ ಇರ್ತಾವೆ," ಎಂದು ಇಲಿಗಳ ಕೋಣೆಯ ಕಡೆ ಹೋದ.